ಮೂರನೇ ಮಹಡಿಯ ಫ್ರಿಜ್ಜು

ಅಕ್ಟೋಬರಿನಲ್ಲಿ ಅಂಟುಪಟ್ಟಿಗೆ ಹೆಸರು ಬರೆದು
ಮೆಟ್ಟಿಲ ಕಸ ಗುಡಿಸುವ ಮೊರಾಗ್
ನಮಗೆಲ್ಲ ಅರ್ಧರ್ಧ ಅರೆ ಹಂಚಿಕೊಟ್ಟಳು:
ತಿನಾತಿನ್, ಕ್ವಾಬೆನಾ, ಲೌತಾರೊ, ನಾನು.
ಮೊದಮೊದಲು ಗಡಿ ಕಾಯುವ ಬಿಗಿ,
ಮೊಟ್ಟೆ ಕೂಡ ಎಣಿಸಿ ಇಟ್ಟದ್ದು.

ನವೆಂಬರಿಗೆ ಅಬರ್ಡೀನಿನಲ್ಲಿ
ನಾಲ್ಕಕ್ಕೇ ಕತ್ತಲು.
ಯಾರದೋ ಬೆಣ್ಣೆ ಯಾರೋ ಸವರಿದರು.
ಯಾರೂ ಕೇಳಲಿಲ್ಲ.

ಫೆಬ್ರವರಿ, ರಾತ್ರಿ ಮೂರು ಗಂಟೆ.
ತಿನಾತಿನ್‌ಳ ರೊಟ್ಟಿ ಸೀದು
ಬೆಂಕಿಯ ಗಂಟೆ ಬಾಯಿಬಡಕೊಂಡಿತು.
ಹಿಮದ ಹುಲ್ಲಿನ ಮೇಲೆ ಎಪ್ಪತ್ತು ಜನ, ಕಂಬಳಿ ಹೊದ್ದು:
ಕ್ವಾಬೆನಾನ ಕೈಲಿ ಲ್ಯಾಪ್‌ಟಾಪು,
ಲೌತಾರೊ ಎದೆಗವಚಿದ್ದು ಕುಂಡದ ಕಳ್ಳಿಗಿಡ,
ನಾನು ಬರಿಗೈ.
ನಾಲ್ಕು ವರ್ಷದ ಪ್ರಬಂಧ ಒಳಗೇ ಇದೆಯೆಂದು
ಆಮೇಲೆ ಹೊಳೆಯಿತು.
ನಗು ತಡೆಯಲಾಗಲಿಲ್ಲ.

ಮೇ ತಿಂಗಳಲ್ಲಿ ಮಾತು ಕಡಿಮೆ.
ಒಬ್ಬಳಿಗೆ ಪದವಿಯ ನಿಲುವಂಗಿ,
ಒಬ್ಬನಿಗೆ ಮೂರನೇ ಸಲ ವಾಪಸು ಬಂದ ಅದೇ ಅಧ್ಯಾಯ.
ಲೌತಾರೊ ಯಾರಿಗೂ ಹೇಳದೆ ಹೊರಟುಹೋದ;
ಕಳ್ಳಿ ಅಡುಗೆಮನೆಯ ಕಿಟಕಿಯಲ್ಲಿ.

ಜುಲೈ.
ಬಿಸಿನೀರು, ಮೊಂಡು ಚಾಕು ತಂದು
ಮೊರಾಗ್ ಹೆಸರು ಕೆರೆಯುತ್ತಾಳೆ.
ಕಾಗದ ಬರುತ್ತದೆ, ಅಂಟು ಬರುವುದಿಲ್ಲ.
‘ಹೋದ ವರ್ಷದ್ದೂ ಇದೆ ನೋಡು’ ಎಂದು
ಉಗುರಿನಿಂದ ತೋರಿಸುತ್ತಾಳೆ,
ಯಾರದೋ ಹೆಸರಿನ ಬಾಲ.
ಆಮೇಲೆ ಕಿಟಕಿಯತ್ತ ತಿರುಗಿ:
‘ಇದಕ್ಕೆ ನೀರು ಎಷ್ಟು ದಿನಕ್ಕೊಮ್ಮೆ?’
ನನಗೂ ಗೊತ್ತಿರಲಿಲ್ಲ.