ಬಾಗಿಲ ಬದಿಯ ಜಾಗ

ಲೊಫೊಟೆನ್ನಿನ ಮೀನು ಕೊಯ್ಯುವ ಸಾಲಿನಲ್ಲಿ
ಬಾಗಿಲ ಬದಿಯ ಜಾಗ ಯಾರಿಗೂ ಬೇಡ.
ಲಾರಿ ಬಂದಾಗಲೆಲ್ಲ ಗಾಳಿ
ನೇರ ಮೂಳೆಗೇ ಇಳಿಯುತ್ತದೆ.
ಮೇಸ್ತ್ರಿ ಟೋರುನ್ ಹನ್ನೊಂದು ಚಳಿಗಾಲ
ಅಲ್ಲೇ ನಿಂತವಳು.

ನಾನು ಹೊಸಬ, ಎರಿಟ್ರಿಯಾದಿಂದ ಬಂದವ;
ಮೊದಲ ದಿನವೇ ಒಂದು ಪೆಟ್ಟಿಗೆ ಮೀನು ಹಾಳುಗೆಡವಿದೆ.
ಮ್ಯಾನೇಜರ್ ಬಂದು, "ಯಾರ ಕೆಲಸ ಇದು?"
"ನನ್ನ ಸಾಲಿನದು," ಎಂದಳು. ಅಷ್ಟೇ.
ಆಮೇಲೆ ನನ್ನ ಚಾಕು ಇಸಕೊಂಡು
ಮಸೆದು ಕೊಟ್ಟಳು.

ಭಾನುವಾರ ಪಾದ್ರಿ
ಒಳ್ಳೆಯ ಕುರುಬನ ಮಾತು ಓದುವಾಗ
ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದಳು,
ಉಗುರ ಸಂದಿಯಲ್ಲಿ ಇನ್ನೂ ಮೀನಿನ ಹುರುಪೆ.
ನಾನು ಎಬ್ಬಿಸಲಿಲ್ಲ.

ಈ ವಾರ ಅವಳಿಗೆ ಜ್ವರ.
ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು.
ಒಂದು ಗಳಿಗೆ ನಾನೂ.
ಆಮೇಲೆ ಹೋಗಿ ನಿಂತೆ.
ಕರ್ತನೇ,
ಎಂಥ ಚಳಿ!