ವಸಿ ತಡಿ

ಮೈಸೂರಿನ ನಮ್ಮ ಮನೆಯಲ್ಲಿ ಬೆಕ್ಕಿಗೂ ಬಹುವಚನ.
ಹಾಲು ಕುಡಿದ್ರಾ ಅಂತ ಕೇಳುತ್ತಿದ್ದಳು ಅಜ್ಜಿ.
ಹಾಗೆ ಬೆಳೆದವಳು, ಬೆಳಗಿನ ಪ್ಯಾಸೆಂಜರಿನಲ್ಲಿ
ಮಂಡ್ಯದ ಸಕ್ಕರೆ ಕಾರ್ಖಾನೆಗೆ ಬಂದಿಳಿದ ದಿನ,
ಕೈಯಲ್ಲಿ ಶಿಫ್ಟ್ ಇನ್‌ಚಾರ್ಜ್ ಅನ್ನುವ ಹೊಸ ಕಾಗದ,
ಪ್ಯಾನ್ ಮಹಡಿಯ ಕಬ್ಬಿಣದ ಮೆಟ್ಟಿಲ ತುದಿಯಿಂದ
ಮೊಗಣ್ಣ ಅಂದ
(ಅಂದರು ಎಂದು ಬರೆದು ಹೊಡೆದುಹಾಕಿದ್ದೇನೆ,
ಕಾರಣ ಕೆಳಗಿದೆ):
'ಬಾ ಕಣವ್ವ, ಹುಷಾರು, ಜಾರ್ತದೆ.'

ಚುಚ್ಚಿತು.
ಹೆಣ್ಣು ಅಂತಲೇ ಈ ಸಲಿಗೆ ಅಂದುಕೊಂಡೆ.
ಆಮೇಲೆ ತಿಳಿಯಿತು,
ಜನರಲ್ ಮ್ಯಾನೇಜರಿಗೂ ಅವನದು ಬಾ,
ಮುನಿಸಿಕೊಂಡ ಪಂಪಿಗೂ ಬಾರೋ ನಮ್ಮಪ್ಪ.
ಮೂವತ್ತೊಂದು ಹಂಗಾಮು ಪಾಕ ನೋಡಿದ ಕೈ.
ಒಂದು ತೊಟ್ಟನ್ನು ಗಾಜಿಗೆ ಸವರಿ ಬಲ್ಬಿಗೆ ಹಿಡಿದರೆ
ನನಗೆ ಕಾಣುವುದು ಮಂಜು,
ಅವನಿಗೆ ಒಂದೊಂದೂ ಎಣಿಸಬಹುದಾದ ಕಾಳು.

ಜನವರಿಯ ಒಂದು ಮಧ್ಯಾಹ್ನ
ಮೂರನೇ ಪ್ಯಾನಿನಲ್ಲಿ ಸುಳ್ಳು ಕಾಳು ಎದ್ದಿತು,
ಜಾಲರಿಯಲ್ಲಿ ನಿಲ್ಲದೆ ಸೋರಿಹೋಗುವ ಹುಡಿ.
ಆಗಷ್ಟೇ ಮೇಲಿನವರ ಫೋನು, ಅದರ ಕಾವು ಕಿವಿಯಲ್ಲಿ.
ಹನ್ನೊಂದು ಜನರ ಮುಂದೆ ಕೂಗಿದೆ:
'ಏನಯ್ಯಾ, ಕಣ್ಣು ಕಾಣಲ್ವಾ ನಿನಗೆ?'

ಅದೇ ನೀನು.
ಅವನ ಬಾಯಲ್ಲಿ ಅದು ಜಗಲಿ, ಯಾರೂ ಕೂರಬಹುದು.
ನನ್ನ ಬಾಯಲ್ಲಿ ಏಣಿ, ಮೇಲಿನ ಮೆಟ್ಟಿಲಲ್ಲಿ ನಾನೊಬ್ಬಳೇ.
ಮೊಗಣ್ಣ ಗಾಜು ಒರೆಸಿದ,
ಒರೆಸಿದ ಬಟ್ಟೆಯನ್ನು ನಾಲ್ಕಾಗಿ ಮಡಿಸಿಟ್ಟ.
'ಸರಿ ಮೇಡಂ. ನೀವು ಹೇಳ್ದಂಗೆ ಮೇಡಂ.'

ರಾತ್ರಿ ರಿಜಿಸ್ಟರು ತಿರುವುವಾಗ ಸಿಕ್ಕಿತು:
ರಸದ ಸಾಂದ್ರತೆ ಅರವತ್ತೊಂದು.
ಏಳರ ಹಾಗೆ ಕೊಕ್ಕೆ ಇಟ್ಟು ಒಂದನ್ನು ಬರೆದವಳು ನಾನು.
ಅರವತ್ತೇಳೆಂದು ನಂಬಿದ್ದು ಅವನ ತಪ್ಪು,
ಅಷ್ಟೇ ಅವನ ತಪ್ಪು.

ಮಾರನೇ ದಿನ ಕ್ಯಾಬಿನ್ನಿಗೆ ಕರೆದು, ಕದ ಮುಚ್ಚಿ,
ಟೀ ತರಿಸಿ, ಸಾರಿ ಅಂದೆ.
ಕುಡಿದ. ಲೋಟ ತಾನೇ ತೊಳೆದಿಟ್ಟ.
'ಆಯ್ತು ಬುಡಿ.'
ಬುಡು ಅನ್ನಲಿಲ್ಲ.

ಹೊರಗೆ ಗುಡಿಸುತ್ತಿದ್ದ ಚಿಕ್ಕಮಾದಮ್ಮ
ಪೊರಕೆಗೆ ಹೇಳುವಂತೆ ಹೇಳಿದಳು:
'ಬಯ್ಯಾಕೆ ಬಯಲು ಬೇಕು,
ತಪ್ಪಾಯ್ತು ಅನ್ನಾಕೆ ಕದ ಮುಚ್ಚಬೇಕು.'

ಪ್ಯಾನ್ ಮಹಡಿಯಲ್ಲಿ ಮೆಲುದನಿ ಎಂಬುದಿಲ್ಲ.
ಹಬೆ, ಪಂಪು, ಗಾಣ, ಎಲ್ಲವೂ ಒಟ್ಟಿಗೆ ಒದರುತ್ತವೆ.
ಊಟ ಆಯ್ತಾ ಅಂತಲೂ ಅಲ್ಲಿ ಕೂಗಿಯೇ ಕೇಳಬೇಕು.
ಎರಡಕ್ಕೆ ಸೈರನ್ ಆಗಿ
ಹೋಗುವವರೂ ಬರುವವರೂ ಮೆಟ್ಟಿಲಲ್ಲಿ ಕೂಡಿದಾಗ
ರಿಜಿಸ್ಟರು ಎತ್ತಿ ಹಿಡಿದು ಕೂಗಿದೆ,
ಈ ಅಂಕಿ ನನ್ನದು, ಈ ಅಕ್ಷರ ನನ್ನದು,
ಮೊಗಣ್ಣನವರ ಕಣ್ಣು ಸರಿಯಾಗಿಯೇ ಇದೆ.
ಕೊನೆಯ ಪದಕ್ಕೆ ಗಂಟಲು ಬಿರಿಯಿತು.
'ಏನಂದ್ರು?' ಅಂತ ಹಿಂದಿನಿಂದ ಯಾರೋ.
ಇನ್ನೊಮ್ಮೆ ಕೂಗಬೇಕಾಯಿತು. ಅದು ಹೆಚ್ಚು ಕಷ್ಟ.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮೊಗಣ್ಣ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಹೋದ.
ಎಂಟು ದಿನ ಮೇಡಂ, ಎಂಟು ದಿನ ನೀವು.
ನಾನು ಅಂಕಿಗಳನ್ನು ದಪ್ಪಗೆ ಬರೆಯುತ್ತಿದ್ದೆ.
ಪ್ಯಾನ್ ಇಳಿಸುವ ಮೊದಲು ಕೇಳುತ್ತಿದ್ದೆ.
ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಅಳತೆಗೆ ತಕ್ಕಷ್ಟು.

ಒಂಬತ್ತನೆಯದು ರಾತ್ರಿ ಪಾಳಿ. ಎರಡೂವರೆ ಗಂಟೆ.
ಕಬ್ಬಿನ ಗಾಡಿಗಳ ಎತ್ತುಗಳೂ ಮಲಗಿದ್ದವು ಗೇಟಿನಾಚೆ.
ಗಾಜನ್ನು ಬಲ್ಬಿಗೆ ಹಿಡಿದವನು ತಿರುಗದೆಯೇ ಕರೆದ:
'ಬಾ ಕಣವ್ವ, ಇಲ್ಲಿ ನೋಡು, ಕಾಳು ಕಟ್ತಾ ಅದೆ.'

ಹೋದೆ. ಮೊದಲ ಸಲ
ಮಂಜಿನೊಳಗೆ ಏನೋ ಚೂರು ಮಿನುಗಿದ ಹಾಗಿತ್ತು.
'ಇಳಿಸೋಣ್ವಾ?' ಅಂದೆ.
'ವಸಿ ತಡಿ.'

ತಡೆದೆ.