ಬಾಗಿಲ ಬಳಿಯ ಚೀಲ

ಡೊಂಬಿವಲಿ ಪೂರ್ವ, ಮೂರನೆಯ ಮಾಳಿಗೆ.
ಚಪ್ಪಲಿ ಸ್ಟ್ಯಾಂಡಿನ ಮೇಲೊಂದು ನೀಲಿ ಚೀಲ
ಎರಡು ವರ್ಷ ನಾಲ್ಕು ತಿಂಗಳಿಂದ
ಹೊರಟು ನಿಂತ ನೆಂಟನ ಹಾಗೆ ಕೂತಿದೆ.

ಒಳಗೆ ಎರಡು ಲುಂಗಿ, ಟವೆಲು, ಗುಂಡಿಯಿರುವ ಅಂಗಿ
(ತಲೆಯ ಮೇಲಿಂದ ಎಳೆಯುವಂಥದ್ದು ಬೇಡ ಎಂದಿದ್ದಾಳೆ ನರ್ಸು),
ಫೈಲು, ಆಧಾರಿನ ಝೆರಾಕ್ಸು, ಚಾರ್ಜರು,
ಕಾಗದದಲ್ಲಿ ಕಟ್ಟಿದ ವಿಭೂತಿ.
ಟ್ಯಾಕ್ಸಿಗೆ ಮೂರು ಸಾವಿರ, ಎಲ್ಲ ನೂರರ ನೋಟು.
ನಡುರಾತ್ರಿ ಯಾರು ಮುರಿದು ಕೊಡುತ್ತಾರೆ ಐನೂರನ್ನು?

ಕಿಡ್ನಿಯ ಪಟ್ಟಿಯಲ್ಲಿ ಇವರ ಹೆಸರು:
ರಾಚಪ್ಪ ಇಂಗಳಗಿ, ಐವತ್ಮೂರು, ಬಿ ಪಾಸಿಟಿವ್.
ವಾಶಿ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲ ತೂಗಿಸಿ ಬರೆದುಕೊಳ್ಳುತ್ತಿದ್ದವರು.
ಈಗ ವಾರಕ್ಕೆ ಮೂರು ಸಲ ಇವರನ್ನೇ ತೂಗುತ್ತಾರೆ,
ಯಂತ್ರಕ್ಕೆ ಮೊದಲು ಒಮ್ಮೆ, ಯಂತ್ರದ ಮೇಲೊಮ್ಮೆ.
ವ್ಯತ್ಯಾಸ ಬರೆದುಕೊಳ್ಳುತ್ತಾರೆ. ಹಳೆಯ ಚಟ.

ದಿನಕ್ಕೆ ಮೂರೇ ಲೋಟ ನೀರು.
ಪಾದೋದಕವನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ,
ಮಾಫಿಯಿಲ್ಲ.

ಬೆಳಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ
ಬೇಡುವುದು ಹೇಗೆಂದು ತಿಳಿಯುವುದಿಲ್ಲ ನನಗೆ.
ಬೇಗ ಕೊಡು ಅಂದರೆ
ಯಾರದೋ ಮಗ ಹೆಲ್ಮೆಟ್ಟಿಲ್ಲದೆ ಹೊರಡಬೇಕು,
ಯಾರದೋ ತಾಯಿ ಆಸ್ಪತ್ರೆಯ ಬೆಂಚಿನಲ್ಲಿ
ಸಹಿ ಹಾಕುವ ಪೆನ್ನು ಹಿಡಿಯಲಾರದೆ ಕೂರಬೇಕು.
ಮೊದಲ ದಿನವೇ ನಾಲಿಗೆ ಕಚ್ಚಿಕೊಂಡೆ.
ಅಂದಿನಿಂದ ಕೇಳುವುದು ಇಷ್ಟೇ:
ಅಪ್ಪಾ, ನೀನು ಕರೆದಾಗ ನಾನು ಮಲಗಿರದಿರಲಿ.
ಯಾವಾಗ, ಯಾರಿಂದ, ಕೊಡುತ್ತೀಯೋ ಇಲ್ಲವೋ,
ಅದೆಲ್ಲ ನಿನ್ನ ವಹಿ.

ಒಮ್ಮೆ ಬಂದಿತ್ತು ಕರೆ.
ಶ್ರಾವಣ. ರಾತ್ರಿ ಒಂದೂ ಮುಕ್ಕಾಲು.
ಸಯಾನಿನಲ್ಲಿ ಮೊಣಕಾಲುದ್ದ ನೀರು, ಡ್ರೈವರು ಶಪಿಸುತ್ತ ಶಪಿಸುತ್ತ ದಾಟಿಸಿದ.
ಅಲ್ಲಿ ನೋಡಿದರೆ ಇನ್ನೊಂದು ಚೀಲ, ಇನ್ನೊಂದು ಫೈಲು:
ಸಾತಾರದ ಕಡೆಯ ಹುಡುಗ, ಇಪ್ಪತ್ತಾರು ಇದ್ದೀತು, ಜೊತೆಗೆ ತಾಯಿ.
ಇಬ್ಬರನ್ನು ಕರೆದಿರುತ್ತಾರಂತೆ,
ಒಬ್ಬರಿಗೆ ಕೂಡದಿದ್ದರೆ ಇನ್ನೊಬ್ಬರಿಗೆ.

ನಾಲ್ಕೂವರೆಗೆ ಬಾಗಿಲು ತೆರೆದು ಅವನ ಹೆಸರು ಕೂಗಿದರು.
ಆ ತಾಯಿ ನನ್ನ ಮುಖ ನೋಡಲಿಲ್ಲ. ನೋಡಲಾರದೆ ನಿಂತಿದ್ದಳು.
ವಿಭೂತಿಯ ಪೊಟ್ಟಣ ಅವಳ ಕೈಗಿಟ್ಟೆ.
ಸುಳ್ಳೇಕೆ, ಕೊಡುವಾಗ
ಬೆರಳು ಒಂದು ಗಳಿಗೆ ಬಿಡಲಿಲ್ಲ.

ಮೊದಲ ಲೋಕಲ್ಲಿಗೆ ವಾಪಸು.
ಊರಿಗೆ ಊರೇ ಮುಂಬಯಿಗೆ ನುಗ್ಗುವ ಹೊತ್ತು,
ಎದುರು ದಿಕ್ಕಿನ ನಮ್ಮ ಗಾಡಿ ಖಾಲಿ.
ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕೂತವರು
ಠಾಣೆ ದಾಟಿದ ಮೇಲೆ ಬಾಯಿ ಬಿಟ್ಟರು:
‘ಆ ಹುಡುಗಗ ಛಲೋ ಆತು.
ನಂದೇನು, ಇನ್ನೂ ತಕ್ಕಡ್ಯಾಗ ಅದೀನಿ.’

ಮೂರು ದಿನ ದೀಪ ಹಚ್ಚಲಿಲ್ಲ ನಾನು.
ಅವರೇ ಹಚ್ಚಿದರು, ಮಾತಾಡದೆ,
ಫಿಸ್ಟುಲಾ ಉಬ್ಬಿದ ಎಡಗೈ ಆಡದೆ
ಬಲಗೈಯೊಂದರಲ್ಲೇ ಕಡ್ಡಿ ಗೀರಿ, ಎರಡು ಸಲ ಆರಿಸಿಕೊಂಡು.
ನಾಲ್ಕನೆಯ ದಿನ ನಾನೆದ್ದು ಬತ್ತಿ ಹೊಸೆದೆ.
ಸಿಟ್ಟು ಹೋಗಿತ್ತೆಂದಲ್ಲ.

ಈಗಲೂ ಅಮಾವಾಸ್ಯೆಗೊಮ್ಮೆ ಚೀಲ ಬಿಚ್ಚುತ್ತೇನೆ.
ತೊಡದ ಬಟ್ಟೆ ಯಾಕೆ ಒಗೆಯುತ್ತೀರಿ ಎನ್ನುತ್ತಾಳೆ
ಪಕ್ಕದ ಮನೆಯ ಸುಲಭಾ ವಹಿನಿ.
ಈ ಊರಿನ ಮಳೆಗೆ
ಮಡಚಿಟ್ಟದ್ದೆಲ್ಲ ಮುಗ್ಗುತ್ತದೆ, ವಹಿನಿ.
ಒಗೆದು, ಒಣಗಿಸಿ, ಲವಂಗ ನಾಲ್ಕು ಉದುರಿಸಿ
ಮತ್ತೆ ಅದೇ ಮಡಿಕೆಯಲ್ಲಿ ಮಡಚುತ್ತೇನೆ.
ಹೊಸ ವಿಭೂತಿ ಕಟ್ಟುತ್ತೇನೆ. ಈಚೆಗೆ ಎರಡು ಪೊಟ್ಟಣ.

ಇವತ್ತು ಫೋನು ಬಡಿಯಿತು, ಕುಕ್ಕರಿನ ಸದ್ದಿನ ನಡುವೆ.
ಮೊದಲ ರಿಂಗಿಗೇ ಎತ್ತಿದೆ.
ಗ್ಯಾಸಿನವನು. ಸಿಲಿಂಡರು ನಾಳೆಯಂತೆ.
ಆಯಿತಪ್ಪಾ ಎಂದೆ. ಎದೆಯನ್ನು ಕೂರಿಸಲು ಒಂದಿಷ್ಟು ಹೊತ್ತು ಹಿಡಿಯಿತು.

ಸಂಜೆ ಚೀಲದ ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಂಡಿತು.
ತೇವದ ಗಾಳಿ, ಹಲ್ಲಿಗೆಲ್ಲ ತುಕ್ಕು.
ಪಣತಿಯಲ್ಲಿ ಬೆರಳದ್ದಿ
ಬತ್ತಿಯ ಪಾಲಿನ ಎಣ್ಣೆ ಎರಡು ಹನಿ ತಂದು ಸವರಿದೆ.
ಒಮ್ಮೆ ಎಳೆದೆ. ಇನ್ನೊಮ್ಮೆ.
ಆಮೇಲೆ ದೀಪವಾರಿಸಿದ ಕತ್ತಲಲ್ಲೊಮ್ಮೆ,
ಕಣ್ಣು ಮುಚ್ಚಿ.
ಬಂತು.